ಓದುಗರ ಪ್ರಶ್ನೆ, ನಮ್ಮ ಉತ್ತರ: ವಿದ್ಯುತ್ ಹೈಪರ್‌ಕಾರ್‌ಗಳನ್ನು ಕೊಳ್ಳುವವರಾರು, ಮರಳಿ ಮಾರಿದರೆ ಸಿಗುವುದೆಷ್ಟು?

ಸಾವಿರಕ್ಕೂ ಹೆಚ್ಚು ಅಶ್ವಶಕ್ತಿಯ, ಬೆರಳೆಣಿಕೆಯಷ್ಟೇ ತಯಾರಾಗುವ, ಹತ್ತಾರು ಲಕ್ಷ ಡಾಲರ್ ಬೆಲೆಬಾಳುವ ವಿದ್ಯುತ್ ಕಾರುಗಳ ಕುರಿತು ನಾವು ಪ್ರಕಟಿಸಿದ ಲೇಖನವನ್ನು ಓದಿ ಹಲವರು ಪತ್ರ ಬರೆದಿದ್ದಾರೆ. ಆ ಕಾರುಗಳ ತಂತ್ರಜ್ಞಾನಕ್ಕಿಂತ ಅವುಗಳ ಮಾರುಕಟ್ಟೆಯ ಬಗೆಗೇ ಹೆಚ್ಚಿನವರಿಗೆ ಕುತೂಹಲ. ಅಂಥ ಪ್ರಶ್ನೆಗಳನ್ನಷ್ಟೇ ಇಲ್ಲಿ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಮಾನ್ಯರೇ, ವೇಗದಲ್ಲಿ ಪೆಟ್ರೋಲ್ ಕಾರುಗಳನ್ನು ಹಿಂದಿಕ್ಕಿದ ಮೇಲೂ ವಿದ್ಯುತ್ ಹೈಪರ್‌ಕಾರ್‌ಗಳಿಗೆ ಗಿರಾಕಿಗಳಿಲ್ಲ ಎಂಬ ಮಾತು ಕೇಳಿಬರುತ್ತಿದೆ. ಇದು ನಿಜವೇ? ನಿಜವಾದರೆ ಕಾರಣವೇನು?

ಉತ್ತರ: ಬಹುಮಟ್ಟಿಗೆ ನಿಜ. ಈ ಮಾತನ್ನು ಆಡಿದವರು ವಿದ್ಯುತ್ ವಾಹನಗಳ ವಿರೋಧಿಗಳಲ್ಲ, ಅವುಗಳನ್ನು ತಯಾರಿಸಿ ಹೆಸರು ಮಾಡಿದವರೇ ಎಂಬುದನ್ನು ಮೊದಲು ಗಮನಿಸಬೇಕು. ಕ್ರೊಯೇಷಿಯಾದ ಮಾಟೆ ರಿಮ್ಯಾಕ್ 2009ರಲ್ಲಿ ಕಂಪನಿ ಕಟ್ಟಿ, 2018ರ ಜಿನೀವಾ ಮೋಟಾರ್ ಶೋನಲ್ಲಿ ಸಿ-ಟೂ ಎಂಬ ಮಾದರಿಯನ್ನು ತೋರಿಸಿ, 2021ರಲ್ಲಿ ಅದನ್ನೇ ನೆವೆರಾ ಎಂಬ ಹೆಸರಿನಿಂದ ತಯಾರಿಕೆಗೆ ತಂದರು. ನಾಲ್ಕು ಮೋಟಾರ್, 1,914 ಅಶ್ವಶಕ್ತಿ, ಸುಮಾರು 20 ಲಕ್ಷ ಯೂರೋ ಬೆಲೆ, ಒಟ್ಟು 150 ಕಾರುಗಳು ಮಾತ್ರ ಎಂಬುದು ಘೋಷಣೆಯಾಗಿತ್ತು. 2023ರಲ್ಲಿ ಈ ಕಾರು ಒಂದೇ ದಿನ 23 ದಾಖಲೆಗಳನ್ನು ಮುರಿಯಿತು. ಇಷ್ಟೆಲ್ಲ ಆದ ಮೇಲೂ 2024ರ ಮೇ ತಿಂಗಳಲ್ಲಿ ಲಂಡನ್ನಿನ ಸಮಾವೇಶವೊಂದರಲ್ಲಿ ಮಾತನಾಡಿದ ರಿಮ್ಯಾಕ್, ಈ ದರ್ಜೆಯ ಗಿರಾಕಿಗಳಿಗೆ ವಿದ್ಯುತ್ ಕಾರು ಬೇಡವಾಗಿದೆ, ಅವರು ಎಂಜಿನ್ ಕೇಳುತ್ತಿದ್ದಾರೆ ಎಂದು ನೇರವಾಗಿ ಒಪ್ಪಿಕೊಂಡರು. ಆ ಹೊತ್ತಿಗೆ 150 ನೆವೆರಾಗಳಲ್ಲಿ ಹಲವು ಇನ್ನೂ ಮಾರಾಟವಾಗದೆ ಉಳಿದಿದ್ದವು.

ಅವರು ಕೊಟ್ಟ ಹೋಲಿಕೆ ಪ್ರಸಿದ್ಧವಾಗಿದೆ. ಆಪಲ್ ವಾಚ್ ಎಷ್ಟೇ ನಿಖರವಾಗಿ ಸಮಯ ತೋರಿಸಿ, ಎದೆಬಡಿತವನ್ನೂ ಎಣಿಸಿದರೂ ಅದಕ್ಕೆ ಯಾರೂ ಎರಡು ಲಕ್ಷ ಡಾಲರ್ ಕೊಡುವುದಿಲ್ಲ. ಅಷ್ಟು ಹಣ ಕೊಡುವವರು ಕೀಲಿ ಕೊಟ್ಟು ತಿರುಗುವ ಗಡಿಯಾರವನ್ನೇ ಬಯಸುತ್ತಾರೆ ಎಂಬುದು ಅದರ ತಾತ್ಪರ್ಯ. ಅವರೇ ಮುನ್ನಡೆಸುವ ಬುಗಾಟಿ ಕಂಪನಿ 2024ರ ಜೂನ್‌ನಲ್ಲಿ ಅನಾವರಣಗೊಳಿಸಿದ ಟೂರ್ಬಿಯಾನ್ ಕಾರಿನಲ್ಲಿ ವಿದ್ಯುತ್ ಮೋಟಾರ್‌ಗಳಿದ್ದರೂ ಅದರ ಹೃದಯಭಾಗದಲ್ಲಿ ಇರುವುದು 8.3 ಲೀಟರಿನ 16 ಸಿಲಿಂಡರ್ ಪೆಟ್ರೋಲ್ ಎಂಜಿನ್. ಬೆಲೆ ತೆರಿಗೆಯನ್ನು ಬಿಟ್ಟು 38 ಲಕ್ಷ ಯೂರೋ, ಸಂಖ್ಯೆ 250. ನೆವೆರಾಕ್ಕಿಂತ ದುಬಾರಿಯಾದ, ಸಂಖ್ಯೆಯಲ್ಲೂ ಹೆಚ್ಚಾದ ಈ ಕಾರಿಗೆ ಕೊಳ್ಳುವವರು ಸಾಲುಗಟ್ಟಿದರು. ಒಬ್ಬನೇ ವ್ಯಕ್ತಿ ಒಂದು ಕೈಯಲ್ಲಿ ಬ್ಯಾಟರಿಯನ್ನೂ ಇನ್ನೊಂದು ಕೈಯಲ್ಲಿ ಸಿಲಿಂಡರುಗಳನ್ನೂ ಹಿಡಿದು ಮಾರಾಟಕ್ಕೆ ನಿಂತಿರುವಾಗ ಗಿರಾಕಿಗಳು ಯಾವ ಕಡೆಗೆ ಹೋದರು ಎಂಬುದಕ್ಕಿಂತ ಸ್ಪಷ್ಟವಾದ ಮಾರುಕಟ್ಟೆ ಸಮೀಕ್ಷೆ ಬೇಕಿಲ್ಲ.

ಕಾರಣಗಳಲ್ಲಿ ಮುಖ್ಯವಾದುದು, ನನ್ನ ದೃಷ್ಟಿಯಲ್ಲಿ, ಈ ಕಾರುಗಳ ಬೆಲೆಯನ್ನು ಅಂಕಿಗಳ ಮೇಲೆ ನಿಲ್ಲಿಸಿದ್ದು. 2018ರ ಸುಮಾರಿನಲ್ಲಿ 1,900 ಅಶ್ವಶಕ್ತಿ ಎಂಬ ಅಂಕಿಯೇ ಬೆರಗು ಹುಟ್ಟಿಸುತ್ತಿತ್ತು. ಆದರೆ ವಿದ್ಯುತ್ ಮೋಟಾರಿನಲ್ಲಿ ಶಕ್ತಿಯನ್ನು ಹೆಚ್ಚಿಸುವುದು ಎಂಜಿನ್ನಿನಲ್ಲಿ ಹೆಚ್ಚಿಸುವುದಕ್ಕಿಂತ ಎಷ್ಟೋ ಸುಲಭ ಮತ್ತು ಅಗ್ಗ. 2021ರಲ್ಲಿ ಟೆಸ್ಲಾ ಕಂಪನಿಯ ಮಾಡೆಲ್ ಎಸ್ ಪ್ಲ್ಯಾಡ್ ಎಂಬ ನಾಲ್ಕು ಬಾಗಿಲಿನ ಕುಟುಂಬದ ಕಾರು 1,020 ಅಶ್ವಶಕ್ತಿಯೊಂದಿಗೆ ಬಂದಾಗಲೇ ಸಾವಿರದ ಗಡಿಗಿದ್ದ ಪ್ರತಿಷ್ಠೆ ಹೋಯಿತು. ಇನ್ನೊಂದು ಕಾರಣವನ್ನು ರಿಮ್ಯಾಕ್ ಅವರೇ ಸೂಚಿಸಿದ್ದಾರೆ: ಸರ್ಕಾರಗಳು ವಿದ್ಯುತ್ ಕಾರನ್ನು ಎಲ್ಲರ ಮೇಲೂ ಹೇರತೊಡಗಿದ ಮೇಲೆ, ಎಲ್ಲರಿಗಿಂತ ಬೇರೆಯಾಗಿ ಕಾಣಲು ಹಣ ಕೊಡುವ ವರ್ಗ ಅದರಿಂದ ದೂರ ಸರಿಯಿತು.

ಇಟಲಿಯ ಪಗಾನಿ ಕಂಪನಿಯ ಅನುಭವವೂ ಇಂಥದ್ದೇ. ಅಲ್ಲಿ 2018ರಿಂದ ಒಂದು ತಂಡ ವಿದ್ಯುತ್ ಕಾರಿನ ಸಾಧ್ಯತೆಯನ್ನು ಅಧ್ಯಯನ ಮಾಡಿತು. ನಾಲ್ಕು ವರ್ಷಗಳ ಬಳಿಕ ಹೊರಾಸಿಯೊ ಪಗಾನಿ ಹೇಳಿದ್ದೇನೆಂದರೆ ತಮ್ಮ ಗಿರಾಕಿಗಳಲ್ಲಿ ಅದರ ಬಗ್ಗೆ ಆಸಕ್ತಿಯೇ ಕಾಣಲಿಲ್ಲ ಎಂದು. 2022ರಲ್ಲಿ ಬಂದ ಅವರ ಯುಟೋಪಿಯಾ 12 ಸಿಲಿಂಡರಿನ ಪೆಟ್ರೋಲ್ ಕಾರು, ಎಂಜಿನ್ ಜೊತೆಗೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್ ಕೂಡ ಅಲ್ಲ. ಕಾನೂನಿನ ಒತ್ತಡವೂ ಇಂಥ ಕಂಪನಿಗಳ ಮೇಲೆ ಅಷ್ಟಾಗಿ ಇಲ್ಲ. ವರ್ಷಕ್ಕೆ 1,000ಕ್ಕಿಂತ ಕಡಿಮೆ ಹೊಸ ಕಾರುಗಳು ನೋಂದಣಿಯಾಗುವ ತಯಾರಕರನ್ನು ಐರೋಪ್ಯ ಒಕ್ಕೂಟ ತನ್ನ ಇಂಗಾಲದ ಮಿತಿಗಳಿಂದ ಹೊರಗಿಟ್ಟಿದೆ. ಹಾಗಾಗಿ ಈ ದರ್ಜೆಯಲ್ಲಿ ಗಿರಾಕಿಯ ಇಷ್ಟವೇ ಅಂತಿಮ.

ಪ್ರಶ್ನೆ: ಬೇಡಿಕೆ ಇಷ್ಟು ಕಡಿಮೆಯಿದ್ದರೆ ಕಂಪನಿಗಳು ಇವನ್ನು ತಯಾರಿಸಿದ್ದೇಕೆ? ನಷ್ಟವಾಗುವುದಿಲ್ಲವೇ?

ಉತ್ತರ: ಕಾರು ಮಾರಿ ಬರುವ ಹಣವೊಂದೇ ಲೆಕ್ಕವಲ್ಲ. ರಿಮ್ಯಾಕ್ ಕಂಪನಿಯ ಮೊದಲ ಕಾರು ಕಾನ್ಸೆಪ್ಟ್ ಒನ್ ತಯಾರಾದದ್ದು ಕೇವಲ 8. ಆದರೆ ಅದನ್ನು ಕಂಡ ಬೇರೆ ತಯಾರಕರು ಬ್ಯಾಟರಿ ಮತ್ತು ಮೋಟಾರ್‌ಗಳಿಗಾಗಿ ಆ ಕಂಪನಿಯ ಬಾಗಿಲು ತಟ್ಟಿದರು. ಕೋನಿಗ್‌ಸೆಗ್ ರೆಗೇರಾ, ಆ್ಯಸ್ಟನ್ ಮಾರ್ಟಿನ್ ವಾಲ್ಕೈರಿ ಕಾರುಗಳ ಬ್ಯಾಟರಿಗಳು ಅಲ್ಲಿಂದ ಬಂದವು. ಪೋರ್ಷೆ ಪಾಲುದಾರಿಕೆ ಪಡೆಯಿತು. 2021ರಲ್ಲಿ ಬುಗಾಟಿ ಕಂಪನಿಯ ಚುಕ್ಕಾಣಿಯೇ ರಿಮ್ಯಾಕ್ ಕೈಗೆ ಬಂತು. ಪಿನಿನ್‌ಫರೀನಾ ಬತಿಸ್ತಾ ಎಂಬ ಇನ್ನೊಂದು 150 ಕಾರುಗಳ ಯೋಜನೆಯೂ ರಿಮ್ಯಾಕ್‌ನ ಯಂತ್ರಭಾಗಗಳನ್ನೇ ಬಳಸುತ್ತದೆ. ಅಂದರೆ ಕಾರು ಇಲ್ಲಿ ಸರಕೂ ಹೌದು, ಸರಕಿನ ಜಾಹೀರಾತೂ ಹೌದು. ಇಂಥ ಆದಾಯದ ಮೂಲ ಇಲ್ಲದ, ಬರೀ ಒಂದು ಕಾರಿನ ಮೇಲೆ ನಿಂತ ಕಂಪನಿಗಳ ಸ್ಥಿತಿ ಬೇರೆಯೇ. ಕಂಪನಿ ಉಳಿಯುತ್ತದೆಯೇ ಎಂಬ ಪ್ರಶ್ನೆ ಮರುಮಾರಾಟ ಬೆಲೆಗೂ ಅಂಟಿಕೊಂಡಿದೆ. ಅದಕ್ಕೆ ಮುಂದೆ ಬರುತ್ತೇನೆ.

ಪ್ರಶ್ನೆ: ನಾನು ನಿವೃತ್ತ ಎಂಜಿನಿಯರ್. ಸಂಗ್ರಾಹಕರ ಕಾರುಗಳಲ್ಲಿ ಕಡಿಮೆ ಓಡಿದ ಕಾರಿಗೆ ಹೆಚ್ಚು ಬೆಲೆ ಎಂದು ಕೇಳಿದ್ದೇನೆ. ಈ ನಿಯಮ ವಿದ್ಯುತ್ ಹೈಪರ್‌ಕಾರ್‌ಗೂ ಅನ್ವಯಿಸುತ್ತದೆಯೇ?

ಉತ್ತರ: ನೀವು ಈ ಮಾರುಕಟ್ಟೆಯ ಅತ್ಯಂತ ಸೂಕ್ಷ್ಮವಾದ ಜಾಗವನ್ನೇ ಮುಟ್ಟಿದ್ದೀರಿ. ಪೆಟ್ರೋಲ್ ಹೈಪರ್‌ಕಾರನ್ನು ಕೊಂಡವರು ಅದನ್ನು ಹವಾನಿಯಂತ್ರಿತ ಗ್ಯಾರೇಜಿನಲ್ಲಿ ಮುಚ್ಚಿಟ್ಟು, ಓಡೋಮೀಟರಿನಲ್ಲಿ ಕೆಲವೇ ನೂರು ಕಿಲೋಮೀಟರ್ ಕಾಣುವಂತೆ ನೋಡಿಕೊಂಡು, ಹತ್ತು ವರ್ಷದ ಬಳಿಕ ಹರಾಜಿಗೆ ತಂದರೆ ಆ ಸಣ್ಣ ಅಂಕಿಗೇ ಬೆಲೆ ಸಿಗುತ್ತದೆ. ಟೈರು, ರಬ್ಬರ್ ಪೈಪು, ಸೀಲು, ಆಯಿಲ್ ಇವು ಹಳತಾಗಿರುತ್ತವೆ, ನಿಜ, ಅವನ್ನೆಲ್ಲ ಬದಲಿಸಬಹುದು. ಎಂಜಿನ್ನಿನೊಳಗಿನ ಕ್ರ್ಯಾಂಕ್‌ಶಾಫ್ಟ್ ಸುಮ್ಮನೆ ನಿಂತಿದ್ದರೆ ಸವೆಯುವುದಿಲ್ಲ.

ವಿದ್ಯುತ್ ಕಾರಿನ ಬ್ಯಾಟರಿಯಲ್ಲಿರುವ ಲಿಥಿಯಂ ಅಯಾನ್ ಸೆಲ್ ಹಾಗಲ್ಲ. ಅದು ಎರಡು ರೀತಿಯಲ್ಲಿ ಮುಪ್ಪಾಗುತ್ತದೆ: ಚಾರ್ಜ್ ಮಾಡಿ ಬಳಸಿದಂತೆಲ್ಲ ಒಂದು ರೀತಿ, ಸುಮ್ಮನೆ ಇಟ್ಟರೂ ಕಾಲ ಸರಿದಂತೆ ಇನ್ನೊಂದು ರೀತಿ. ಸೆಲ್ಲಿನ ಋಣಧ್ರುವದ ಮೇಲೆ ದ್ರಾವಣದೊಂದಿಗಿನ ರಾಸಾಯನಿಕ ಕ್ರಿಯೆಯಿಂದ ಒಂದು ತೆಳುವಾದ ಪದರ ಬೆಳೆಯುತ್ತಲೇ ಇರುತ್ತದೆ. ಆ ಪದರ ಬೆಳೆದಂತೆ ಶಕ್ತಿಯನ್ನು ಹೊರಬೇಕಾದ ಲಿಥಿಯಂ ಅದರೊಳಗೆ ಸಿಕ್ಕಿಕೊಂಡು ನಿಷ್ಪ್ರಯೋಜಕವಾಗುತ್ತದೆ, ಸೆಲ್ಲಿನ ಆಂತರಿಕ ರೋಧವೂ ಏರುತ್ತದೆ. ಬಿಸಿಯಾದ ಜಾಗದಲ್ಲಿ, ಪೂರ್ತಿ ಚಾರ್ಜ್ ಮಾಡಿ ನಿಲ್ಲಿಸಿದರೆ ಈ ಮುಪ್ಪು ಬೇಗ ಬರುತ್ತದೆ. ತಂಪಿನಲ್ಲಿ ಅರ್ಧ ಚಾರ್ಜಿನಲ್ಲಿಟ್ಟರೆ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ತೀರಾ ಖಾಲಿ ಮಾಡಿ ತಿಂಗಳುಗಟ್ಟಲೆ ಮರೆತರಂತೂ ಸೆಲ್ ಶಾಶ್ವತವಾಗಿ ಕೆಡಬಹುದು. ಆಂತರಿಕ ರೋಧದ ಏರಿಕೆ ಸಾಮಾನ್ಯ ವಿದ್ಯುತ್ ಕಾರಿನಲ್ಲಿ ಅಷ್ಟಾಗಿ ಗೋಚರಿಸದಿದ್ದರೂ ಹೈಪರ್‌ಕಾರಿನಲ್ಲಿ ಎದ್ದುಕಾಣುತ್ತದೆ, ಏಕೆಂದರೆ ಸಾವಿರಾರು ಅಶ್ವಶಕ್ತಿಯನ್ನು ಒಂದೇ ಉಸಿರಿನಲ್ಲಿ ಹೊರಹಾಕಬೇಕಾದಾಗ ಅಡ್ಡ ಬರುವುದೇ ಆ ರೋಧ. ಕೊಂಡಾಗ 1,900 ಇದ್ದದ್ದು ಹದಿನೈದು ವರ್ಷದ ನಂತರವೂ 1,900 ಇರುತ್ತದೆ ಎಂದು ಭಾವಿಸಲು ಸಾಧ್ಯವಿಲ್ಲ.

ಆದ್ದರಿಂದ ಹತ್ತು ವರ್ಷ ಹಳೆಯದಾದ ಎರಡು ವಿದ್ಯುತ್ ಹೈಪರ್‌ಕಾರ್‌ಗಳಲ್ಲಿ, 300 ಕಿಲೋಮೀಟರ್ ಓಡಿ ಉಳಿದ ಕಾಲವೆಲ್ಲ ಪೂರ್ತಿ ಚಾರ್ಜಿನಲ್ಲಿ ಬಿಸಿಲುನಾಡಿನ ಗ್ಯಾರೇಜಿನಲ್ಲಿ ನಿಂತಿದ್ದ ಕಾರಿಗಿಂತ, 15,000 ಕಿಲೋಮೀಟರ್ ಓಡಿ ಅಚ್ಚುಕಟ್ಟಾಗಿ ನಿರ್ವಹಣೆಯಾದ ಕಾರಿನ ಬ್ಯಾಟರಿ ಚೆನ್ನಾಗಿರುವುದು ಸಾಧ್ಯ. ಓಡೋಮೀಟರ್ ನೋಡಿ ಬೆಲೆ ಕಟ್ಟಿ ಅಭ್ಯಾಸವಾದ ಮಾರುಕಟ್ಟೆಗೆ ಇದು ಒಗ್ಗದ ಸಂಗತಿ. ಓಡೋಮೀಟರ್ ಎಲ್ಲರಿಗೂ ಕಾಣುತ್ತದೆ, ಬ್ಯಾಟರಿಯ ಆರೋಗ್ಯ ಕಾಣುವುದಿಲ್ಲ. ಕೊಳ್ಳುವವನಿಗೆ ಕಾಣದ ಅಪಾಯವಿದ್ದಾಗ ಅವನು ಬೆಲೆಯನ್ನು ತಗ್ಗಿಸಿಯೇ ಕೇಳುತ್ತಾನೆ. ಅದರಲ್ಲಿ ಅವನ ತಪ್ಪೂ ಇಲ್ಲ.

ಈ ಕುರುಡುತನಕ್ಕೆ ಒಂದು ಪರಿಹಾರ ಬರುತ್ತಿದೆ. ಐರೋಪ್ಯ ಒಕ್ಕೂಟದ 2023ರ ಬ್ಯಾಟರಿ ನಿಯಮದಂತೆ 2027ರ ಫೆಬ್ರವರಿ 18ರಿಂದ ಅಲ್ಲಿ ಮಾರುಕಟ್ಟೆಗೆ ಬರುವ ವಿದ್ಯುತ್ ವಾಹನಗಳ ಬ್ಯಾಟರಿಗಳಿಗೆ ಡಿಜಿಟಲ್ ಪಾಸ್‌ಪೋರ್ಟ್, ಅಂದರೆ ಬ್ಯಾಟರಿಯ ವಿವರ ಮತ್ತು ಆರೋಗ್ಯದ ವಿದ್ಯುನ್ಮಾನ ದಾಖಲೆ, ಇರಬೇಕು. ಆದರೆ ಈಗಾಗಲೇ ರಸ್ತೆಗಿಳಿದಿರುವ ಮೊದಲ ತಲೆಮಾರಿನ ಹೈಪರ್‌ಕಾರ್‌ಗಳಿಗೆ ಅದರ ಪ್ರಯೋಜನ ಸಿಗುವುದಿಲ್ಲ.

ಪ್ರಶ್ನೆ: ಬ್ಯಾಟರಿ ಹಳತಾದರೆ ಹೊಸದನ್ನು ಹಾಕಿಸಿದರಾಯಿತಲ್ಲವೇ? ಇಪ್ಪತ್ತು ಲಕ್ಷ ಯೂರೋ ಕೊಟ್ಟವರಿಗೆ ಅದೇನು ಹೊರೆ?

ಉತ್ತರ: ಹಣ ದೊಡ್ಡ ಅಡ್ಡಿಯಲ್ಲ ಎಂಬ ನಿಮ್ಮ ಮಾತು ಸರಿ. ಆದರೆ ಕೊಂಡುತರಲು ಅಂಗಡಿಯಲ್ಲಿ ಆ ಬ್ಯಾಟರಿ ಇರಬೇಕಲ್ಲ. ನೆವೆರಾದ 120 ಯೂನಿಟ್ ಸಾಮರ್ಥ್ಯದ ಬ್ಯಾಟರಿಯಲ್ಲಿ 6,960 ಸಿಲಿಂಡರಾಕಾರದ ಸೆಲ್‌ಗಳಿವೆ. ಅದು ಒಂದು ಪೆಟ್ಟಿಗೆಯಾಗಿ ಕಾರಿನ ಕೆಳಗೆ ತಗುಲಿಕೊಂಡಿಲ್ಲ, ಕಾರ್ಬನ್ ಫೈಬರ್ ಚಾಸಿಯೊಳಗೆ ಇಂಗ್ಲಿಷಿನ ಎಚ್ ಅಕ್ಷರದ ಆಕಾರದಲ್ಲಿ ಹುದುಗಿ, ಕಾರಿನ ಗಟ್ಟಿತನದ ಭಾಗವೇ ಆಗಿದೆ. 150 ಕಾರುಗಳಿಗಾಗಿ ರೂಪಿಸಿದ ಇಂಥ ಭಾಗವನ್ನು ಹೊರಗಿನ ಯಾವ ಕಾರ್ಖಾನೆಯೂ ಮಾಡಿಡುವುದಿಲ್ಲ. ತಯಾರಕ ಕಂಪನಿ ಇರುವವರೆಗೆ, ಅದಕ್ಕೆ ಮನಸ್ಸಿರುವವರೆಗೆ, ಅದೇ ಅಳತೆಯ ಸೆಲ್ ಸಿಗುವವರೆಗೆ ಮಾತ್ರ ಬದಲಾವಣೆ ಸಾಧ್ಯ.

ಹೊಸ ರಸಾಯನದ, ಹಗುರವಾದ ಸೆಲ್‌ಗಳನ್ನು ಹಾಕಿಸಿಕೊಂಡು ಕಾರನ್ನು ಇನ್ನಷ್ಟು ಉತ್ತಮಗೊಳಿಸಬಹುದು ಎಂದು ಕೆಲವರು ವಾದಿಸುತ್ತಾರೆ. ತಾಂತ್ರಿಕವಾಗಿ ಅದು ಆಗದ ಮಾತಲ್ಲ, ಆದರೆ ಬ್ಯಾಟರಿಯನ್ನು ನಿಯಂತ್ರಿಸುವ ಸಾಫ್ಟ್‌ವೇರನ್ನೂ ಶೀತಲೀಕರಣದ ವ್ಯವಸ್ಥೆಯನ್ನೂ ಅದಕ್ಕೆ ಹೊಂದಿಸಬೇಕು. ಅದಾದ ಮೇಲೆ ಸಂಗ್ರಾಹಕ ಕೇಳುವ ಪ್ರಶ್ನೆ ಇನ್ನೊಂದಿದೆ: ಇದು ಕಾರ್ಖಾನೆಯಿಂದ ಬಂದ ಮೂಲ ಕಾರೇ? ಎಂಜಿನ್ ನಂಬರ್ ಚಾಸಿ ನಂಬರಿಗೆ ಹೊಂದಿದರೆ ಮಾತ್ರ ಪೂರ್ತಿ ಬೆಲೆ ಎಂಬ ಪದ್ಧತಿಯಿರುವ ಮಾರುಕಟ್ಟೆ, ಬದಲಿ ಬ್ಯಾಟರಿಯನ್ನು ಹೇಗೆ ನೋಡಬೇಕೆಂದು ಇನ್ನೂ ತೀರ್ಮಾನಿಸಿಲ್ಲ.

ಪ್ರಶ್ನೆ: ಹೈಬ್ರಿಡ್ ಹೈಪರ್‌ಕಾರ್‌ಗಳ ಬೆಲೆ ಏರಿದೆಯಲ್ಲ? ಅವುಗಳಲ್ಲೂ ಬ್ಯಾಟರಿ ಇದೆಯಲ್ಲ?

ಉತ್ತರ: ಇದೆ, ಆದರೆ ಗಾತ್ರ ನೋಡಿ. 2013ರಿಂದ ಈಚೆಗೆ ಬಂದ ಮೂರು ಪ್ರಸಿದ್ಧ ಹೈಬ್ರಿಡ್‌ಗಳಲ್ಲಿ ಪೋರ್ಷೆ 918 ಸ್ಪೈಡರ್ ಬ್ಯಾಟರಿ 6.8 ಯೂನಿಟ್, ಮೆಕ್‌ಲಾರೆನ್ ಪಿ1ರದ್ದು 4.7 ಯೂನಿಟ್, ಲಾಫೆರಾರಿಯದ್ದು ಬರೀ 2.3 ಯೂನಿಟ್. ಮೂರರಲ್ಲೂ ಕೊಳ್ಳುವವನು ಹಣ ಕೊಡುವುದು ಮುಖ್ಯವಾಗಿ ಎಂಜಿನ್ನಿಗೆ. 499 ತಯಾರಾದ ಲಾಫೆರಾರಿ ಹೊಸದಾಗಿದ್ದಾಗ ಸುಮಾರು 14 ಲಕ್ಷ ಡಾಲರ್ ಇತ್ತು. ಈಗ ಅದರ ಎರಡು ಪಟ್ಟಿಗೂ ಮೀರಿದ ಬೆಲೆಗೆ ಕೈಬದಲಾಗುತ್ತಿದೆ. 2016ರ ಡಿಸೆಂಬರಿನಲ್ಲಿ ಇಟಲಿಯ ಭೂಕಂಪ ಸಂತ್ರಸ್ತರ ನೆರವಿಗಾಗಿ ವಿಶೇಷವಾಗಿ ತಯಾರಿಸಿದ ಐನೂರನೆಯ ಕಾರು 70 ಲಕ್ಷ ಡಾಲರಿಗೆ ಹೋಯಿತು, ಆದರೆ ಅದು ದಾನದ ಹರಾಜಾದ್ದರಿಂದ ಅದನ್ನು ಮಾರುಕಟ್ಟೆ ಬೆಲೆಯೆಂದು ಹಿಡಿಯಬಾರದು. 918 ಕಾರುಗಳಷ್ಟೇ ತಯಾರಾದ ಪೋರ್ಷೆ 918 ಕೂಡ 8,45,000 ಡಾಲರಿನ ತನ್ನ ಮೂಲ ಬೆಲೆಯನ್ನು ಬಹಳ ಹಿಂದೆ ಬಿಟ್ಟಿದೆ. ಮೂರರಲ್ಲಿ ಅತ್ಯಂತ ಕಡಿಮೆ, ಅಂದರೆ 375 ಮಾತ್ರ ತಯಾರಾದ ಪಿ1 ಈ ಏರಿಕೆಯಲ್ಲಿ ಉಳಿದೆರಡರ ಹಿಂದೆ ಬಿದ್ದಿದೆ. ಅಪರೂಪವೊಂದೇ ಬೆಲೆಯನ್ನು ಎತ್ತಿಹಿಡಿಯುವುದಿಲ್ಲ ಎಂಬುದಕ್ಕೆ ಇದೂ ಒಂದು ಸಾಕ್ಷಿ.

ಪ್ರಶ್ನೆ: ಆದರೂ ನೂರೈವತ್ತೇ ಕಾರು ಎಂದರೆ ಮುಂದೊಂದು ದಿನ ಬೆಲೆ ಬರಲೇಬೇಕಲ್ಲವೇ? ಇಂದು ಯಾರಿಗೂ ಬೇಡವಾದದ್ದು ನಾಳೆ ಚಿನ್ನವಾದ ಉದಾಹರಣೆಗಳಿಲ್ಲವೇ?

ಉತ್ತರ: ಇವೆ, ಅವು ಬಹಳ ಸ್ವಾರಸ್ಯವಾಗಿಯೂ ಇವೆ. ಇಂದು ಅತ್ಯಂತ ಬೆಲೆಬಾಳುವ ಆಧುನಿಕ ಕಾರುಗಳಲ್ಲಿ ಒಂದಾದ ಮೆಕ್‌ಲಾರೆನ್ ಎಫ್1 ಹೊಸದಾಗಿದ್ದಾಗ ಸುಲಭವಾಗಿ ಮಾರಾಟವಾಗಲಿಲ್ಲ. 1990ರ ದಶಕದ ಆರಂಭದ ಆರ್ಥಿಕ ಹಿಂಜರಿತದಲ್ಲಿ ಬಂದ ಆ ಕಾರಿನ ಬೆಲೆ 5,40,000 ಪೌಂಡ್. 300 ತಯಾರಿಸುವ ಯೋಜನೆಯಿತ್ತು. 1998ರಲ್ಲಿ ತಯಾರಿಕೆ ನಿಂತಾಗ ರೇಸಿಂಗ್ ಕಾರುಗಳನ್ನೂ ಸೇರಿಸಿ ಆಗಿದ್ದದ್ದು 106. ಅದೇ ಕಾರುಗಳಲ್ಲಿ ಒಂದು 2021ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್ ಹರಾಜಿನಲ್ಲಿ 2 ಕೋಟಿ ಡಾಲರಿಗೂ ಹೆಚ್ಚಿನ ಬೆಲೆಗೆ ಹೋಯಿತು. ಅದೇ ಕಾಲದ ಜಾಗ್ವಾರ್ ಎಕ್ಸ್‌ಜೆ220 ಕತೆ ಇನ್ನೂ ಕಹಿ. 1988ರಲ್ಲಿ ತೋರಿಸಿದ ಮಾದರಿಯಲ್ಲಿ 12 ಸಿಲಿಂಡರಿನ ಎಂಜಿನ್ ಇತ್ತು, ಕೊಟ್ಟದ್ದು ಟರ್ಬೊ ಅಳವಡಿಸಿದ 6 ಸಿಲಿಂಡರ್. ಬೆಲೆಯೂ ಏರುತ್ತಾ ಹೋಗಿ, 50,000 ಪೌಂಡ್ ಮುಂಗಡ ಕೊಟ್ಟಿದ್ದ ಕೆಲವರು ಕಾರು ಬೇಡವೆಂದು ನ್ಯಾಯಾಲಯಕ್ಕೇ ಹೋದರು. ಆ ಕಾರಿಗೂ ಈಗ ಅಭಿಮಾನಿಗಳಿದ್ದಾರೆ, ಆದರೆ ಎಫ್1 ಏರಿದ ಎತ್ತರಕ್ಕೆ ಅದು ಏರಲಿಲ್ಲ.

ಆದ್ದರಿಂದ ಇಂದಿನ ಬೇಡಿಕೆಯನ್ನಷ್ಟೇ ನೋಡಿ ಮೂವತ್ತು ವರ್ಷದ ನಂತರದ ಬೆಲೆಯನ್ನು ಹೇಳಲಾಗದು ಎಂಬ ನಿಮ್ಮ ವಾದವನ್ನು ನಾನು ಒಪ್ಪುತ್ತೇನೆ. ಒಪ್ಪದಿರುವುದು ಅದರ ಮುಂದಿನ ಹೆಜ್ಜೆಯನ್ನು. ಎಫ್1 ಬೆಲೆ ಏರಲು ಆ ಕಾರು ಈ ಮೂವತ್ತು ವರ್ಷವೂ ಓಡುವ ಸ್ಥಿತಿಯಲ್ಲಿ ಉಳಿಯಬೇಕಿತ್ತು, ಅದನ್ನು ಉಳಿಸುವವರು ಇರಬೇಕಿತ್ತು. ಇದು ಎಷ್ಟು ಕಷ್ಟದ ಕೆಲಸ ಎಂಬುದಕ್ಕೆ ಒಂದು ಸಂಗತಿ ಸಾಕು: ಎಫ್1 ಕಾರಿನ ವಿದ್ಯುನ್ಮಾನ ಘಟಕಗಳೊಂದಿಗೆ ಮಾತನಾಡಲು 1990ರ ದಶಕದ ಕಾಂಪ್ಯಾಕ್ ಎಲ್‌ಟಿಇ 5280 ಎಂಬ ಲ್ಯಾಪ್‌ಟಾಪೇ ಬೇಕಾಗಿತ್ತು, ಅದರೊಳಗಿನ ವಿಶೇಷ ಕಾರ್ಡ್ ಬೇರೆ ಯಂತ್ರಕ್ಕೆ ಹೊಂದುತ್ತಿರಲಿಲ್ಲ. 2016ರಲ್ಲೂ ಮೆಕ್‌ಲಾರೆನ್ ಕಂಪನಿಯವರು ಆ ಹಳೆಯ ಲ್ಯಾಪ್‌ಟಾಪುಗಳನ್ನು ಜೋಪಾನವಾಗಿ ಇಟ್ಟುಕೊಂಡು ಬಳಸುತ್ತಿದ್ದರು. ಯಂತ್ರಭಾಗಗಳೇ ಹೆಚ್ಚಾಗಿದ್ದ ಪೆಟ್ರೋಲ್ ಕಾರಿನ ಪಾಡೇ ಇದಾದರೆ, ಪ್ರತಿ ಚಕ್ರದ ಎಳೆತವನ್ನೂ ಸಾಫ್ಟ್‌ವೇರ್ ಕ್ಷಣಕ್ಷಣಕ್ಕೂ ಲೆಕ್ಕ ಹಾಕುವ ಕಾರಿನ ಪಾಡೇನು? ಇಲ್ಲಿ ತಯಾರಕನೇ ವೈದ್ಯ, ತಯಾರಕನೇ ಔಷಧದ ಅಂಗಡಿ. ನನ್ನನ್ನು ಕೇಳಿದರೆ, ವಿದ್ಯುತ್ ಹೈಪರ್‌ಕಾರಿನ ಮರುಮಾರಾಟ ಬೆಲೆಯೆಂಬುದು ಅದನ್ನು ತಯಾರಿಸಿದ ಕಂಪನಿ ಇನ್ನೂ ಎಷ್ಟು ವರ್ಷ ಬದುಕಿರುತ್ತದೆ ಎಂಬುದರ ಮೇಲೆ ಕಟ್ಟುವ ಪಂದ್ಯ.

ಪ್ರಶ್ನೆ: ಚೀನಾದ ಕಾರುಗಳು ಈ ಮಾರುಕಟ್ಟೆಯನ್ನು ಬದಲಿಸುತ್ತಿವೆಯೇ?

ಉತ್ತರ: ಬದಲಿಸಿವೆ ಎಂದೇ ಹೇಳಬೇಕು. ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಟ್ರ್ಯಾಕಿನಲ್ಲಿ 2023ರಲ್ಲಿ ನೆವೆರಾ 7 ನಿಮಿಷ 5.298 ಸೆಕೆಂಡುಗಳ ಸುತ್ತು ಹಾಕಿತ್ತು. ಮೊಬೈಲ್ ಫೋನುಗಳಿಂದ ಹೆಸರಾದ ಶಿಯೋಮಿ ಕಂಪನಿಯ ಎಸ್‌ಯು7 ಅಲ್ಟ್ರಾ 2025ರಲ್ಲಿ ಅದೇ ಸುತ್ತನ್ನು 7 ನಿಮಿಷ 4.957 ಸೆಕೆಂಡುಗಳಲ್ಲಿ ಮುಗಿಸಿತು. ಅಂತರ ಕಣ್ಣು ಮಿಟುಕಿಸುವಷ್ಟು. ಆದರೆ ಶಿಯೋಮಿ ಕಾರಿನ ಆರಂಭಿಕ ಬೆಲೆ 5,29,900 ಯುವಾನ್, ಅಂದರೆ ಸುಮಾರು 73,000 ಡಾಲರ್. ನೆವೆರಾದ ಬೆಲೆಯ ಮೂವತ್ತರಲ್ಲಿ ಒಂದು ಪಾಲು. ನಾಲ್ಕು ಬಾಗಿಲು, ಸಾಮಾನಿಡಲು ಡಿಕ್ಕಿ ಎಲ್ಲ ಇರುವ ಕಾರದು. ಬಿವೈಡಿ ಕಂಪನಿಯ ಯಾಂಗ್‌ವಾಂಗ್ ಯು9 ಎಕ್ಸ್‌ಟ್ರೀಮ್ 2025ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಪಾಪೆನ್‌ಬುರ್ಗ್ ಟ್ರ್ಯಾಕಿನಲ್ಲಿ ಗಂಟೆಗೆ 496.22 ಕಿಲೋಮೀಟರ್ ವೇಗ ಮುಟ್ಟಿ, 2019ರಲ್ಲಿ ಬುಗಾಟಿ ಶಿರೋನ್ ತಲುಪಿದ್ದ 490.48ರ ಅಂಕಿಯನ್ನೂ ದಾಟಿತು.

ಹೊಸ ಕಾರಿನ ಗಿರಾಕಿಗಿಂತ ಹಳೆಯ ಕಾರಿನ ಒಡೆಯನಿಗೆ ಇದು ಹೆಚ್ಚು ಚಿಂತೆಯ ವಿಷಯ. ಅವನು ಕೊಂಡಾಗ ತನ್ನ ಕಾರು ಪ್ರಪಂಚದಲ್ಲೇ ಅತಿ ವೇಗದ್ದು ಎಂಬ ಹೆಮ್ಮೆಗೂ ಸೇರಿಸಿ ಹಣ ಕೊಟ್ಟಿರುತ್ತಾನೆ. ದಾಖಲೆ ಬೇರೆಯವರ ಪಾಲಾದ ದಿನ ಆ ಭಾಗದ ಹಣ ಹೋಯಿತೆಂದೇ ಲೆಕ್ಕ. ಮೆಕ್‌ಲಾರೆನ್ ಎಫ್1 ಕಾರಿನ ವಿನ್ಯಾಸಕ ಗಾರ್ಡನ್ ಮರೆ ಅವರ ಟಿ.50 ಎಂಬ ಪೆಟ್ರೋಲ್ ಕಾರನ್ನು ಇದಕ್ಕೆ ಎದುರಾಗಿ ಇಟ್ಟು ನೋಡಿ: ಅದರ ಶಕ್ತಿ ನೆವೆರಾದ ಅರ್ಧವೂ ಇಲ್ಲ, ಯಾವ ಗರಿಷ್ಠ ವೇಗದ ದಾಖಲೆಯ ಬೆನ್ನೂ ಹತ್ತಲಿಲ್ಲ, 986 ಕಿಲೋ ತೂಕ, ನಿಮಿಷಕ್ಕೆ 12,100 ಸುತ್ತು ತಿರುಗುವ 12 ಸಿಲಿಂಡರಿನ ಎಂಜಿನ್, ಕೈಯಿಂದಲೇ ಹಾಕುವ ಗೇರು. ತೆರಿಗೆಯನ್ನು ಬಿಟ್ಟು 23 ಲಕ್ಷ ಪೌಂಡಿಗೂ ಮೀರಿದ ಬೆಲೆಯ ನೂರು ಕಾರುಗಳೂ 2020ರ ಆಗಸ್ಟ್‌ನಲ್ಲಿ ಅನಾವರಣವಾದ ಕೆಲವೇ ದಿನಗಳಲ್ಲಿ ಬುಕ್ ಆದವು. ಸೋಲಬಹುದಾದ ಪಂದ್ಯಕ್ಕೆ ಆ ಕಾರು ಇಳಿಯಲೇ ಇಲ್ಲ, ಹಾಗಾಗಿ ಅದನ್ನು ಯಾರೂ ಸೋಲಿಸಲಾರರು.

ಪ್ರಶ್ನೆ: ಬುಕ್ ಮಾಡಿ, ಕಾರು ಕೈಗೆ ಬಂದ ಕೂಡಲೇ ಲಾಭಕ್ಕೆ ಮಾರುವವರಿದ್ದಾರಂತೆ. ಇದಕ್ಕೆ ಕಂಪನಿಗಳ ಅನುಮತಿ ಇದೆಯೇ?

ಉತ್ತರ: ಸಾಮಾನ್ಯವಾಗಿ ಇಲ್ಲ. ಬೇಡಿಕೆ ಹೆಚ್ಚಿರುವ ಕಾರುಗಳ ಖರೀದಿ ಕರಾರಿನಲ್ಲೇ ಇಂತಿಷ್ಟು ಕಾಲ ಮಾರಬಾರದು ಎಂಬ ಷರತ್ತು ಹಾಕುವುದುಂಟು. ಫೋರ್ಡ್ ಜಿಟಿ ಕಾರನ್ನು 24 ತಿಂಗಳು ಇಟ್ಟುಕೊಳ್ಳಬೇಕೆಂಬ ಷರತ್ತು ಮುರಿದ ಆರೋಪದ ಮೇಲೆ ಆ ಕಂಪನಿ 2017ರಲ್ಲಿ ಕುಸ್ತಿಪಟು ಹಾಗೂ ನಟ ಜಾನ್ ಸೀನಾ ಅವರ ಮೇಲೆ ಮೊಕದ್ದಮೆ ಹೂಡಿತ್ತು. ಮರುವರ್ಷ ಅದು ರಾಜಿಯಲ್ಲಿ ಮುಗಿಯಿತು. ಇಂಥ ಷರತ್ತಿಗೆ ಅರ್ಥವಿರುವುದು ಕೊಂಡ ಬೆಲೆಗಿಂತ ಮಾರುವ ಬೆಲೆ ಹೆಚ್ಚಿರುವಾಗ ಮಾತ್ರ. ತಯಾರಕರ ಬಳಿಯೇ ಹೊಸ ಕಾರು ಉಳಿದಿರುವಾಗ ಸೆಕೆಂಡ್ ಹ್ಯಾಂಡ್ ಕಾರಿಗೆ ಹೆಚ್ಚು ಹಣ ಕೊಡಲು ಯಾರಿಗೂ ಕಾರಣವಿಲ್ಲ.

ಪ್ರಶ್ನೆ: ಮುಂದೆ ಬೇಡಿಕೆ ತಿರುಗಬಹುದೇ? ಫೆರಾರಿಯೇ ವಿದ್ಯುತ್ ಕಾರಿಗೆ ಕೈಹಾಕಿದೆಯಲ್ಲ?

ಉತ್ತರ: ಫೆರಾರಿ ಕೈಹಾಕಿರುವುದು ನಿಜ, ಅಷ್ಟೇ ಎಚ್ಚರದಿಂದಲೂ ಇದೆ. 2030ಕ್ಕೆ ತನ್ನ ಮಾದರಿಗಳಲ್ಲಿ ಶೇ 40ರಷ್ಟು ಪೂರ್ಣ ವಿದ್ಯುತ್ ಇರಬೇಕೆಂದು 2022ರಲ್ಲಿ ಗುರಿ ಇಟ್ಟುಕೊಂಡಿದ್ದ ಕಂಪನಿ, 2025ರ ಅಕ್ಟೋಬರಿನಲ್ಲಿ ಅದನ್ನು ಶೇ 20ಕ್ಕೆ ಇಳಿಸಿತು. ಅದರ ಮೊದಲ ವಿದ್ಯುತ್ ಕಾರಿನ ತಂತ್ರಜ್ಞಾನವನ್ನು ತೋರಿಸಿದ್ದೂ ಅದೇ ಸಂದರ್ಭದಲ್ಲಿ. ಅದಕ್ಕೆ ಒಂದು ವರ್ಷ ಮೊದಲು ಅನಾವರಣವಾದ, 799 ಕಾರುಗಳ ಮಿತಿಯ, 36 ಲಕ್ಷ ಯೂರೋ ಬೆಲೆಯ ಎಫ್80ಯನ್ನು ಮಾತ್ರ ಫೆರಾರಿ ಪೆಟ್ರೋಲ್ ಹೈಬ್ರಿಡ್ ಆಗಿಯೇ ಉಳಿಸಿಕೊಂಡಿದೆ. ಸಾಲಿನ ತುದಿಯ ಕಾರಿನಲ್ಲಿ ಬ್ಯಾಟರಿಯ ಮೇಲೆ ಪೂರ್ತಿ ಭಾರ ಹಾಕಲು ಅದೂ ಸಿದ್ಧವಿಲ್ಲ.

ಹೊಸ ಕಾರುಗಳು ಬರುವುದೇ ಅನಿಶ್ಚಿತವಾಗಿರುವುದೂ ಬೇಡಿಕೆಯನ್ನು ಕುಂದಿಸಿದೆ. 2017ರ ನವೆಂಬರಿನಲ್ಲಿ ಟೆಸ್ಲಾ ಎರಡನೆಯ ತಲೆಮಾರಿನ ರೋಡ್‌ಸ್ಟರ್ ತೋರಿಸಿ, ಮೊದಲ ಸಾವಿರ ಕಾರುಗಳಿಗೆ 2,50,000 ಡಾಲರನ್ನು ಪೂರ್ತಿಯಾಗಿ ಮುಂಗಡವಾಗಿ ಕೇಳಿತ್ತು. 2025 ಮುಗಿದರೂ ಆ ಕಾರು ಗಿರಾಕಿಗಳ ಕೈಸೇರಲಿಲ್ಲ. 2019ರಲ್ಲಿ 130 ಕಾರುಗಳ ಮಿತಿಯೊಂದಿಗೆ ಘೋಷಣೆಯಾದ ಲೋಟಸ್ ಎವಾಯಾ ಕೂಡ ಹೇಳಿದ ಸಮಯಕ್ಕೆ ಬರಲಿಲ್ಲ. ಬ್ಯಾಟರಿಯ ತಂತ್ರಜ್ಞಾನ ವರ್ಷವರ್ಷವೂ ಮುಂದೋಡುತ್ತಿರುವ ಕ್ಷೇತ್ರದಲ್ಲಿ ಇಂಥ ವಿಳಂಬ ದುಬಾರಿಯಾಗುತ್ತದೆ, ಏಕೆಂದರೆ ಕಾರು ರಸ್ತೆಗಿಳಿಯುವ ಹೊತ್ತಿಗೆ ಅದರೊಳಗಿನ ಸೆಲ್‌ಗಳೇ ಹಿಂದಿನ ತಲೆಮಾರಿನವಾಗಿರುತ್ತವೆ.

ಬೇಡಿಕೆ ತಿರುಗುವುದಾದರೆ ಅದು ಹೆಚ್ಚು ಶಕ್ತಿಯಿಂದ ತಿರುಗುವುದಿಲ್ಲ ಎಂಬುದು ನನ್ನ ಅಂದಾಜು. ಎಂಜಿನ್ನಿಗೆ ಸಾಧ್ಯವೇ ಇಲ್ಲದ ಏನನ್ನಾದರೂ ಮಾಡುವ ಕಾರುಗಳಿಗೆ ಅವಕಾಶವಿದೆ. ಬ್ರಿಟನ್ನಿನ ಮೆಕ್‌ಮರ್ಟ್ರಿ ಸ್ಪೇರ್‌ಲಿಂಗ್ ಎಂಬ ಪುಟ್ಟ ಒಂಟಿ ಸೀಟಿನ ವಿದ್ಯುತ್ ಕಾರು ಫ್ಯಾನ್‌ಗಳಿಂದ ತನ್ನಡಿಯ ಗಾಳಿಯನ್ನು ಹೀರಿ ನೆಲಕ್ಕೆ ಕಚ್ಚಿಕೊಂಡು, 2022ರಲ್ಲಿ ಗುಡ್‌ವುಡ್ ದಿಬ್ಬದ ಓಟವನ್ನು 39.08 ಸೆಕೆಂಡುಗಳಲ್ಲಿ ಮುಗಿಸಿ ದಾಖಲೆ ಬರೆಯಿತು. ಅದರ ಪ್ರಸಿದ್ಧಿ ಅಶ್ವಶಕ್ತಿಯ ಲೆಕ್ಕದಿಂದ ಬಂದದ್ದಲ್ಲ.

ಪ್ರಶ್ನೆ: ನಾನು ವಾಣಿಜ್ಯ ವಿದ್ಯಾರ್ಥಿನಿ, ಈ ವಿಷಯದ ಮೇಲೆ ಪ್ರಬಂಧ ಬರೆಯುತ್ತಿದ್ದೇನೆ. ಒಂದೇ ಕಾರಿಗೆ ಬೇರೆ ಬೇರೆ ಕಡೆ ಬೇರೆ ಬೇರೆ ಬೆಲೆ ಕಾಣುತ್ತದೆ. ಯಾವುದನ್ನು ನಂಬಬೇಕು, ಸರ್?

ಉತ್ತರ: ಜಾಹೀರಾತಿನಲ್ಲಿರುವ ಬೆಲೆಯನ್ನು ಬೆಲೆಯೆಂದು ಬರೆಯಬೇಡಿ, ಅದು ಮಾರುವವನ ಆಸೆ ಮಾತ್ರ. ಒಂದೇ ಕಾರು ತಿಂಗಳುಗಟ್ಟಲೆ ಅದೇ ಜಾಹೀರಾತಿನಲ್ಲಿ ನಿಂತಿದ್ದರೆ ಆ ಬೆಲೆಗೆ ಕೊಳ್ಳುವವರಿಲ್ಲ ಎಂದಷ್ಟೇ ಅದರ ಅರ್ಥ. ಹರಾಜಿನ ಫಲಿತಾಂಶ ಹೆಚ್ಚು ವಿಶ್ವಾಸಾರ್ಹ, ಆದರೆ ಅಲ್ಲೂ ಮೂರು ಅಂಕಿಗಳನ್ನು ಬೇರೆಬೇರೆಯಾಗಿ ನೋಡಬೇಕು: ಹರಾಜಿಗೆ ಮುನ್ನ ಸಂಸ್ಥೆ ಪ್ರಕಟಿಸುವ ಅಂದಾಜು, ಸುತ್ತಿಗೆ ಬಿದ್ದಾಗಿನ ಬೆಲೆ, ಕೊಂಡವನು ಸಂಸ್ಥೆಗೆ ಕೊಡುವ ಕಮಿಷನ್ ಸೇರಿದ ಒಟ್ಟು ಮೊತ್ತ. ಪತ್ರಿಕೆಗಳಲ್ಲಿ ಅಚ್ಚಾಗುವುದು ಸಾಮಾನ್ಯವಾಗಿ ಕೊನೆಯದು. ಮಾರಿದವನ ಕೈಗೆ ಬರುವುದು ಸುತ್ತಿಗೆ ಬೆಲೆಗಿಂತಲೂ ಕಡಿಮೆ. ಮಾರುವವನು ಗೊತ್ತುಪಡಿಸಿದ ಕನಿಷ್ಠ ಬೆಲೆ ಬಾರದೆ ಕಾರು ಮಾರಾಟವಾಗದೆ ಉಳಿದಾಗ ಅದು ಸುದ್ದಿಯಾಗುವುದೇ ಅಪರೂಪ, ಆದರೆ ಬೇಡಿಕೆಯನ್ನು ಅಳೆಯಲು ಅದಕ್ಕಿಂತ ಒಳ್ಳೆಯ ಮಾಹಿತಿ ಇಲ್ಲ. ಹರಾಜು ಸಂಸ್ಥೆಗಳ ಫಲಿತಾಂಶ ಪಟ್ಟಿಗಳಲ್ಲಿ ಮಾರಾಟವಾಗದ ಕಾರುಗಳನ್ನೂ ಗುರುತು ಹಾಕಿಕೊಳ್ಳಿ.

ಹೋಲಿಕೆಯ ಆಧಾರವನ್ನೂ ಸರಿಯಾಗಿ ಇಟ್ಟುಕೊಳ್ಳಿ. ಕಂಪನಿ ಘೋಷಿಸುವ ಬೆಲೆಯಲ್ಲಿ ಹಲವು ಸಲ ತೆರಿಗೆ ಸೇರಿರುವುದಿಲ್ಲ. ವಿಶೇಷ ಬಣ್ಣ, ಹೊರಮೈಯ ಕಾರ್ಬನ್ ಫೈಬರ್, ಒಳಾಂಗಣದ ಹೊಲಿಗೆ ಮುಂತಾದವುಗಳಿಗೆ ಗಿರಾಕಿ ಕೊಟ್ಟ ಲಕ್ಷಾಂತರ ಹಣವೂ ಸೇರಿರುವುದಿಲ್ಲ. ಸವಕಳಿಯನ್ನು ಲೆಕ್ಕ ಹಾಕುವಾಗ ಮೊದಲ ಒಡೆಯ ನಿಜವಾಗಿ ಕೊಟ್ಟ ಮೊತ್ತವನ್ನು ಹಿಡಿಯದೆ ಘೋಷಿತ ಬೆಲೆಯನ್ನೇ ಹಿಡಿದರೆ ನಷ್ಟ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಕೊನೆಯದಾಗಿ, 150 ಕಾರುಗಳಲ್ಲಿ ಒಂದು ವರ್ಷಕ್ಕೆ ಬಹಿರಂಗವಾಗಿ ಕೈಬದಲಾಗುವುದು ಒಂದೋ ಎರಡೋ ಇದ್ದಾಗ ಅವುಗಳಿಂದ ಸರಾಸರಿ ತೆಗೆಯಲು ಹೋಗಬೇಡಿ. ಪ್ರತಿ ಮಾರಾಟವನ್ನೂ ಬೇರೆಯಾಗಿಯೇ ಬರೆದು, ಕಾರು ತಯಾರಾದ ವರ್ಷ, ಓಡಿದ ದೂರ, ಬ್ಯಾಟರಿಯ ಪರೀಕ್ಷಾ ವರದಿ ಜೊತೆಗಿತ್ತೇ, ಕಂಪನಿಯ ವಾರಂಟಿ ಇನ್ನೂ ಉಳಿದಿತ್ತೇ ಎಂಬುದನ್ನು ಪಕ್ಕದಲ್ಲೇ ನಮೂದಿಸಿ.